ಪ್ರತಿಬಂಧಕ ಡ್ರೋನ್: ಆಟಿಕೆಯ ಬಿಡಿಭಾಗದಿಂದ ಆಕಾಶದ ಕಾವಲಿನವರೆಗೆ

ಕಿನ್ನಾಳ–ಭಾನಾಪುರ ಸೀಮೆಯ ಸಣ್ಣ ತಯಾರಕರು ತಿಳಿದಿರಬೇಕಾದ ಲೆಕ್ಕಾಚಾರ

2025ರ ಮೇ 8ರ ರಾತ್ರಿಯಿಂದ 9ರ ಬೆಳಗಿನೊಳಗೆ, ಲೇಹ್‌ನಿಂದ ಸರ್ ಕ್ರೀಕ್‌ವರೆಗಿನ 36 ಸ್ಥಳಗಳತ್ತ ಪಾಕಿಸ್ತಾನವು 300ರಿಂದ 400ರಷ್ಟು ಡ್ರೋನ್‌ಗಳನ್ನು ಹಾರಿಸಿತೆಂದು ಕೇಂದ್ರ ಸರಕಾರವು ಪತ್ರಿಕಾಗೋಷ್ಠಿಯಲ್ಲಿ ಪ್ರಕಟಿಸಿತು. ಅವಶೇಷಗಳ ಪ್ರಾಥಮಿಕ ಪರೀಕ್ಷೆಯಲ್ಲಿ ಅವು ತುರ್ಕಿಯ ಆಸಿಸ್‌ಗಾರ್ಡ್ ಸಂಸ್ಥೆಯ ಸೋಂಗಾರ್ ಮಾದರಿಯವೆಂದು ಕಂಡುಬಂದಿತು. ಅವನ್ನು ಹೊಡೆದುರುಳಿಸುವಲ್ಲಿ ಎಲ್-70, ಝಡ್‌ಯು-23, ಶಿಲ್ಕಾದಂತಹ ಹಳೆಯ ತಲೆಮಾರಿನ ವಿಮಾನವಿರೋಧಿ ಫಿರಂಗಿಗಳು ಮಹತ್ವದ ಪಾಲು ವಹಿಸಿದವು. ರಾಡಾರು ಮತ್ತು ಫಿರಂಗಿಗಳನ್ನು ಒಂದೇ ಜಾಲದಲ್ಲಿ ಬೆಸೆಯುವ ‘ಆಕಾಶತೀರ್’ ವ್ಯವಸ್ಥೆಯು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯದು. ಇದಕ್ಕಾಗಿ 2023ರ ಮಾರ್ಚ್‌ನಲ್ಲಿ ರೂ. 1,982 ಕೋಟಿಯ ಒಪ್ಪಂದವಾಗಿತ್ತು.

ಆ ರಾತ್ರಿಯ ಸೇನಾ ವಿಚಾರಗಳನ್ನು ಬಲ್ಲವರಿಗೆ ಬಿಡೋಣ. ವರ್ತಕರ ಮತ್ತು ತಯಾರಕರ ಗಮನಕ್ಕೆ ಬರಬೇಕಾದುದು ಇದರ ಹಿಂದಿರುವ ಬೆಲೆಪಟ್ಟಿ. ರಷ್ಯಾವು 2022ರ ಶರತ್ಕಾಲದಿಂದ ಉಕ್ರೇನಿನ ಮೇಲೆ ಬಳಸುತ್ತ ಬಂದಿರುವ ಇರಾನ್ ಮೂಲದ ಶಾಹೆದ್-136 ಡ್ರೋನಿನ ಬೆಲೆ 20,000ದಿಂದ 50,000 ಡಾಲರ್ ಎಂಬುದು ಸಾಮಾನ್ಯ ಅಂದಾಜು. ಡಾಲರಿಗೆ ರೂ. 90ರ ಲೆಕ್ಕದಲ್ಲಿ ಅದು ರೂ. 18 ಲಕ್ಷದಿಂದ ರೂ. 45 ಲಕ್ಷ. ಅದನ್ನು ತಡೆಯಲು ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯ ಒಂದು ಆಧುನಿಕ ಕ್ಷಿಪಣಿ ಹಾರಿಸಿದರೆ ಸುಮಾರು 40 ಲಕ್ಷ ಡಾಲರ್, ಅಂದರೆ ರೂ. 36 ಕೋಟಿ ಕೈಬಿಡುತ್ತದೆ. ನೂರು ರೂಪಾಯಿಯ ಕಳ್ಳನನ್ನು ಹಿಡಿಯಲು ಹತ್ತು ಸಾವಿರ ರೂಪಾಯಿಯ ಕಾವಲುಗಾರನನ್ನು ಇಟ್ಟಂತಾಯಿತು. ಕಳ್ಳ ದಿನವೂ ಬಂದರೆ ಮನೆ ದಿವಾಳಿಯಾಗುವುದು ಕಳ್ಳತನದಿಂದಲ್ಲ, ಕಾವಲಿನಿಂದ. 2025ರ ಸೆಪ್ಟೆಂಬರ್ 7ರಂದು ಒಂದೇ ರಾತ್ರಿ 800ಕ್ಕೂ ಮಿಕ್ಕಿದ ಡ್ರೋನ್‌ಗಳು ಉಕ್ರೇನಿನ ಮೇಲೆ ಬಂದವು. ಅದಾದ ಎರಡು ದಿನಕ್ಕೆ ಸುಮಾರು ಇಪ್ಪತ್ತು ಡ್ರೋನ್‌ಗಳು ಪೋಲೆಂಡಿನ ಗಡಿ ದಾಟಿದಾಗ ಅವನ್ನು ಬೆನ್ನಟ್ಟಲು ಎಫ್-16 ಮತ್ತು ಎಫ್-35 ಯುದ್ಧವಿಮಾನಗಳು ಮೇಲೇರಬೇಕಾಯಿತು. ಹಾಗೆ ಬಂದವುಗಳಲ್ಲಿ ಹಲವು ‘ಗೆರ್ಬೆರಾ’ ಎಂಬ ಹುಸಿ ಡ್ರೋನ್‌ಗಳು. ಪ್ಲೈವುಡ್ ಮತ್ತು ಫೋಮ್‌ನಿಂದ ಮಾಡಿದವು.

ಈ ಬೆಲೆಯ ಅಸಮತೋಲನವನ್ನು ಸರಿಪಡಿಸಲು ಹುಟ್ಟಿದ ವಸ್ತುವೇ ಇಂಟರ್‌ಸೆಪ್ಟರ್ ಅಥವಾ ಪ್ರತಿಬಂಧಕ ಡ್ರೋನ್. ದಾಳಿಗೆ ಬರುವ ಡ್ರೋನನ್ನು ಆಕಾಶದಲ್ಲಿಯೇ ಅಟ್ಟಿಸಿಕೊಂಡು ಹೋಗಿ, ಅದಕ್ಕೆ ಢಿಕ್ಕಿ ಹೊಡೆದೋ ಅದರ ಪಕ್ಕದಲ್ಲಿ ಸಿಡಿದೋ ಉರುಳಿಸುವ ಅಗ್ಗದ, ಅತಿವೇಗದ ಸಣ್ಣ ಯಂತ್ರ ಇದು. ಉಕ್ರೇನಿನ ವೈಲ್ಡ್ ಹಾರ್ನೆಟ್ಸ್ ತಂಡದ ‘ಸ್ಟಿಂಗ್’ ಇದರ ಪ್ರಸಿದ್ಧ ಮಾದರಿ. ಬೆಲೆ ಎರಡು–ಎರಡೂವರೆ ಸಾವಿರ ಡಾಲರ್, ನಮ್ಮ ಹಣದಲ್ಲಿ ರೂ. 2 ಲಕ್ಷದ ಆಸುಪಾಸು. ಗಂಟೆಗೆ 300 ಕಿ.ಮೀ. ಮೀರಿದ ವೇಗ. ಅಲ್ಲಿಯದೇ ಸ್ಕೈಫಾಲ್ ಸಂಸ್ಥೆಯ ‘ಪಿ1-ಸನ್’ ಇನ್ನೂ ಅಗ್ಗ. ಎರಡರ ಕವಚವನ್ನೂ ತ್ರಿ-ಆಯಾಮ ಮುದ್ರಣ ಯಂತ್ರದಲ್ಲಿ, ಅಂದರೆ 3ಡಿ ಪ್ರಿಂಟರಿನಲ್ಲಿ, ಪ್ಲಾಸ್ಟಿಕ್ ಎಳೆಯಿಂದ ಮುದ್ರಿಸಲಾಗುತ್ತದೆ. ದಿನಕ್ಕೆ 1,000 ಪ್ರತಿಬಂಧಕ ಡ್ರೋನ್ ತಯಾರಿಸುವ ಗುರಿಯನ್ನು ಅಧ್ಯಕ್ಷ ಝೆಲೆನ್‌ಸ್ಕಿ 2025ರ ಜುಲೈನಲ್ಲಿ ಪ್ರಕಟಿಸಿದರು. ಅದೇ ವರ್ಷದ ಕೊನೆಯಲ್ಲಿ ಪೋಲೆಂಡ್ ಮತ್ತು ರುಮೇನಿಯಾಗಳು ‘ಮೆರಾಪ್ಸ್’ ಎಂಬ ಅಮೆರಿಕದ ಪ್ರತಿಬಂಧಕ ವ್ಯವಸ್ಥೆಯನ್ನು ತಂದುಕೊಂಡವು.

ಗಮನಿಸಬೇಕಾದ ಸಂಗತಿಯೆಂದರೆ, ಇದು ಕ್ಷಿಪಣಿ ಕಾರ್ಖಾನೆಯ ಪದಾರ್ಥವಲ್ಲ. ದಿನಕ್ಕೆ ಸಾವಿರದ ಲೆಕ್ಕದಲ್ಲಿ ತಯಾರಾಗಿ, ಒಮ್ಮೆ ಬಳಕೆಯಾಗಿ ಮುಗಿದುಹೋಗುವ ಸರಕು. ಅದರ ಹುಟ್ಟು ಹವ್ಯಾಸಿಗಳ ಪಂದ್ಯದ ಡ್ರೋನ್‌ಗಳಲ್ಲಿ, ಆಟಿಕೆಯ ಅಂಗಡಿಗೂ ಎಲೆಕ್ಟ್ರಾನಿಕ್ಸ್ ಅಂಗಡಿಗೂ ನಡುವೆ ಸಿಗುತ್ತಿದ್ದ ಬಿಡಿಭಾಗಗಳಲ್ಲಿ. ಚನ್ನಪಟ್ಟಣದಷ್ಟೇ ಹಳೆಯ ಹೆಸರಿರುವ ಕಿನ್ನಾಳದ ಗೊಂಬೆ, ಭಾನಾಪುರದ ಹೊಸ ಆಟಿಕೆ ಸಮುಚ್ಚಯ ಎರಡನ್ನೂ ಹೊಂದಿರುವ ಕೊಪ್ಪಳ ಜಿಲ್ಲೆಯ ಉದ್ಯಮಿಗಳು ಈ ವಿಷಯವನ್ನು ದೂರದ ಯುದ್ಧದ ಸುದ್ದಿಯೆಂದು ಪಕ್ಕಕ್ಕಿಡಬಾರದು ಎನ್ನುವುದಕ್ಕೆ ಇದೇ ಕಾರಣ.

ವೇಗದ ಗಣಿತ

ಪ್ರತಿಬಂಧಕ ಡ್ರೋನಿಗೆ ಇಷ್ಟು ವೇಗ ಏಕೆ ಬೇಕು? ಶಾಹೆದ್ ಗಂಟೆಗೆ ಸುಮಾರು 185 ಕಿ.ಮೀ. ವೇಗದಲ್ಲಿ ಹಾರುತ್ತದೆ. ಅದು 5 ಕಿ.ಮೀ. ಮುಂದೆ ಸಾಗಿದ ಮೇಲೆ ಗಂಟೆಗೆ 200 ಕಿ.ಮೀ. ವೇಗದ ಡ್ರೋನ್ ಹಿಂದಿನಿಂದ ಅಟ್ಟಿಸಿಕೊಂಡು ಹೊರಟಿತೆನ್ನಿ. ಇಬ್ಬರ ನಡುವಿನ ವ್ಯತ್ಯಾಸ ಕೇವಲ 15 ಕಿ.ಮೀ. ಆದುದರಿಂದ ಹಿಡಿಯಲು 20 ನಿಮಿಷ ಬೇಕು. ಅಷ್ಟರಲ್ಲಿ ಬೆನ್ನಟ್ಟಿದವನು 66 ಕಿ.ಮೀ. ದಾಟಿರುತ್ತಾನೆ. ಇಂತಹ ಸಣ್ಣ ಯಂತ್ರದ ಬ್ಯಾಟರಿ ಅಷ್ಟು ದೂರ ಬಾಳದು. ವೇಗ 300 ಆದರೆ ಅದೇ ಕೆಲಸ ಎರಡೂವರೆ ನಿಮಿಷದಲ್ಲಿ, 13 ಕಿ.ಮೀ.ಯೊಳಗೆ ಮುಗಿಯುತ್ತದೆ. ವೇಗವು ಒಂದೂವರೆ ಪಟ್ಟಾದರೆ ಅಟ್ಟುವ ದೂರ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಆದರೆ ವೇಗ ಪುಕ್ಕಟೆ ಸಿಗುವುದಿಲ್ಲ. ಗಾಳಿಯ ಎಳೆತವನ್ನು ಮೀರಲು ಬೇಕಾಗುವ ಶಕ್ತಿಯು ವೇಗದ ಘನದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟು ಬೇಕು. ಆದುದರಿಂದಲೇ ಮದುವೆ ಮನೆಯಲ್ಲಿ ಚಿತ್ರ ತೆಗೆಯುವ ನಾಲ್ಕು ರೆಕ್ಕೆಯ ಡ್ರೋನಿನ ಚಪ್ಪಟೆ ಆಕಾರ ಇಲ್ಲಿ ನಡೆಯದು. ಪ್ರತಿಬಂಧಕವು ಬಂದೂಕಿನ ಗುಂಡಿನಂತೆ ಉದ್ದವಾಗಿ, ಮೂತಿ ದುಂಡಗಾಗಿ ಇರುತ್ತದೆ. ನೆಟ್ಟಗೆ ಮೇಲೇರಿ, ಬಳಿಕ ಅಡ್ಡವಾಗಿ ಬಾಗಿ, ನಾಲ್ಕು ಮೋಟಾರುಗಳ ಪೂರ್ಣ ಬಲವನ್ನು ಮುನ್ನುಗ್ಗಲು ಬಳಸುತ್ತದೆ. ಕವಚದ ಮೈ ಒರಟಾದರೆ, ಜೋಡಣೆಯಲ್ಲಿ ಒಂದು ಅಂಚು ಎದ್ದು ನಿಂತರೆ ಅಷ್ಟರಮಟ್ಟಿಗೆ ವೇಗ ನಷ್ಟ. ದಕ್ಷಿಣ ಆಫ್ರಿಕದ ಮೈಕ್ ಮತ್ತು ಲೂಕ್ ಬೆಲ್ ಎಂಬ ತಂದೆ–ಮಗ 3ಡಿ ಪ್ರಿಂಟರಿನ ನೆರವಿನಿಂದ ಮಾಡಿದ ‘ಪೆರೆಗ್ರೀನ್ 2’ ಡ್ರೋನ್ 2024ರಲ್ಲಿ ಗಂಟೆಗೆ 480 ಕಿ.ಮೀ. ಮುಟ್ಟಿ ಗಿನ್ನೆಸ್ ದಾಖಲೆ ಸೇರಿತು. ಅದು ಯುದ್ಧದ ಯಂತ್ರವಲ್ಲ, ಹವ್ಯಾಸ. ಆದರೆ ಅತಿವೇಗದ ಡ್ರೋನಿಗೆ ದೊಡ್ಡ ಕಾರ್ಖಾನೆಯೇ ಬೇಕೆಂಬ ನಂಬಿಕೆಯನ್ನು ಅದು ಸುಳ್ಳು ಮಾಡಿತು.

ವೇಗದ ಜೊತೆಗೆ ಕಣ್ಣೂ ಬೇಕು. ದಾಳಿ ಹೆಚ್ಚಾಗಿ ನಡೆಯುವುದು ರಾತ್ರಿ. ಆದುದರಿಂದ ಶಾಖವನ್ನು ಗುರುತಿಸುವ ಥರ್ಮಲ್ ಕ್ಯಾಮೆರಾ ಬೇಕು; ಯಂತ್ರದ ಒಟ್ಟು ಬೆಲೆಯಲ್ಲಿ ಇದು ದುಬಾರಿ ಬಾಬತ್ತು. ಕೊನೆಯ ಕೆಲವು ನೂರು ಮೀಟರುಗಳಲ್ಲಿ ಚಾಲಕನ ಕೈಗಿಂತ ಚುರುಕಾಗಿ ಗುರಿ ಹಿಡಿಯುವ ತಂತ್ರಾಂಶವೂ ಈಗೀಗ ಸೇರುತ್ತಿದೆ. ಇವೆಲ್ಲಕ್ಕೂ ಮೊದಲು, ಬರುತ್ತಿರುವ ಡ್ರೋನ್ ಎಲ್ಲಿದೆಯೆಂದು ತಿಳಿಸಲು ನೆಲದ ಮೇಲೆ ರಾಡಾರ್ ಬೇಕು. ಪ್ರತಿಬಂಧಕ ಡ್ರೋನ್ ಅಗ್ಗ ಎನ್ನುವವರು ರಾಡಾರಿನ ಬೆಲೆಯನ್ನು ಹೇಳುವುದಿಲ್ಲ! ಮಳೆ, ಮಂಜು, ಬಲವಾದ ಗಾಳಿಗಳಲ್ಲಿ ಈ ಯಂತ್ರ ತಡವರಿಸುತ್ತದೆ. ಜೆಟ್ ಎಂಜಿನ್ ಅಳವಡಿಸಿದ, ಗಂಟೆಗೆ 300 ಕಿ.ಮೀ. ಮೀರುವ ಹೊಸ ಶಾಹೆದ್‌ಗಳು ಬಂದಮೇಲೆ ನಿನ್ನೆಯ ಪ್ರತಿಬಂಧಕ ಇಂದಿಗೆ ಸಾಲದು ಎಂಬ ಸ್ಥಿತಿಯೂ ಬಂದಿದೆ. ಮಾದರಿಯ ಆಯುಷ್ಯ ಇಲ್ಲಿ ವರ್ಷಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಎಣಿಸಬೇಕಾದದ್ದು. ತಯಾರಕನಿಗೆ ಇದು ಬಹುಮುಖ್ಯವಾದ ಮಾತು. ಮುಂದೆ ಅದರ ವಿವರ ಬರುತ್ತದೆ.

ಕರ್ನಾಟಕದಲ್ಲಿ ಏನಿದೆ

ಚಾಲಕರಹಿತ ಅತಿವೇಗದ ಹಾರಾಟ ಈ ರಾಜ್ಯಕ್ಕೆ ಹೊಸತಲ್ಲ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಅಂದರೆ ಎ.ಡಿ.ಇ., 1959ರಲ್ಲಿ ಸ್ಥಾಪನೆಯಾಯಿತು. ಫಿರಂಗಿ ಮತ್ತು ಕ್ಷಿಪಣಿ ಪಡೆಗಳ ಅಭ್ಯಾಸಕ್ಕೆ ಗುರಿಯಾಗಿ ಹಾರುವ ‘ಲಕ್ಷ್ಯ’ ವಿಮಾನ ಇಲ್ಲಿ ರೂಪುಗೊಂಡಿತು. ಅದರ ಪುಟ್ಟ ಜೆಟ್ ಎಂಜಿನನ್ನು ಎಚ್.ಎ.ಎಲ್. ತಯಾರಿಸಿತು. ಅದರ ನಂತರದ ‘ಅಭ್ಯಾಸ್’ ಎಂಬ ಅತಿವೇಗದ ಗುರಿವಿಮಾನವು 2024ರ ಜೂನ್‌ನಲ್ಲಿ ಒಡಿಶಾದ ಚಾಂದೀಪುರದಲ್ಲಿ ಸಾಲಾಗಿ ಆರು ಪ್ರಯೋಗಗಳನ್ನು ಮುಗಿಸಿತು. ಹೊಡೆಸಿಕೊಳ್ಳಲೆಂದೇ ಹಾರುವ ವಿಮಾನಗಳನ್ನು ದಶಕಗಳ ಕಾಲ ಮಾಡಿದ ಊರು ಈಗ ಹೊಡೆಯುವ ವಿಮಾನವನ್ನು ಅದೇ ಅಗ್ಗದ ದರದಲ್ಲಿ ಮಾಡಬೇಕಾಗಿದೆ. ವಿದ್ಯೆ ಹತ್ತಿರದ್ದೇ, ಬೆಲೆಯ ಶಿಸ್ತು ಮಾತ್ರ ಬೇರೆ.

ಚಳ್ಳಕೆರೆ ತಾಲೂಕಿನಲ್ಲಿ 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡ ವೈಮಾನಿಕ ಪರೀಕ್ಷಾ ವಲಯವು ಕೊಪ್ಪಳದಿಂದ ಅರ್ಧ ದಿನದ ಪ್ರಯಾಣದೊಳಗಿದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು 120 ಕಿಲೋ ತೂಕದ, 1,000 ಕಿ.ಮೀ. ಸಾಗಬಲ್ಲ ದಾಳಿ ಡ್ರೋನಿಗೆ 30 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನನ್ನು ಸ್ವದೇಶಿಯಾಗಿ ಅಳವಡಿಸುತ್ತಿರುವುದಾಗಿ 2024ರಲ್ಲಿ ತಿಳಿಸಿತು. ಇನ್ನು ತಡೆಯುವ ಬದಿಯಲ್ಲಿ, ಡಿ.ಆರ್.ಡಿ.ಒ. ಅಭಿವೃದ್ಧಿಪಡಿಸಿ ಬಿ.ಇ.ಎಲ್. ತಯಾರಿಸುವ ಡ್ರೋನ್‌ವಿರೋಧಿ ವ್ಯವಸ್ಥೆಯನ್ನು ಕೊಳ್ಳಲು ನೌಕಾಪಡೆಯು 2021ರ ಆಗಸ್ಟ್ 31ರಂದು ಒಪ್ಪಂದ ಮಾಡಿಕೊಂಡಿತು. ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನುಗಳಿಂದ ಸ್ಫೋಟಕ ಬಿದ್ದು ಆಗಿನ್ನೂ ಎರಡು ತಿಂಗಳು ತುಂಬಿತ್ತಷ್ಟೆ. ಈ ವ್ಯವಸ್ಥೆ ರಾಡಾರಿನಿಂದ ಪತ್ತೆಹಚ್ಚಿ, ರೇಡಿಯೋ ಸಂಪರ್ಕ ಕಡಿದು ಅಥವಾ ಲೇಸರ್ ಕಿರಣದಿಂದ ಸುಟ್ಟು ಡ್ರೋನನ್ನು ಕೆಡವುತ್ತದೆ. 2025ರ ಡಿಸೆಂಬರ್ 29ರಂದು ರಕ್ಷಣಾ ಖರೀದಿ ಮಂಡಳಿಯು ಸುಮಾರು ರೂ. 79,000 ಕೋಟಿಯ ಪ್ರಸ್ತಾವಗಳಿಗೆ ಒಪ್ಪಿಗೆ ನೀಡಿದಾಗ, ಡ್ರೋನ್ ಪತ್ತೆ ಮತ್ತು ತಡೆ ವ್ಯವಸ್ಥೆಯ ಎರಡನೆಯ ಆವೃತ್ತಿಯೂ ಪಟ್ಟಿಯಲ್ಲಿತ್ತು.

ಒಂದು ಸ್ವಾರಸ್ಯ: 2022ರ ನವೆಂಬರ್‌ನಲ್ಲಿ ಉತ್ತರಾಖಂಡದ ಔಲಿಯಲ್ಲಿ ನಡೆದ ಭಾರತ–ಅಮೆರಿಕ ಜಂಟಿ ಸಮರಾಭ್ಯಾಸದಲ್ಲಿ ನಮ್ಮ ಸೇನೆಯು ಶತ್ರು ಡ್ರೋನ್ ಹಿಡಿಯಲು ಪಳಗಿಸಿದ ‘ಅರ್ಜುನ್’ ಎಂಬ ಹದ್ದನ್ನು ತೋರಿಸಿತ್ತು. ಪ್ರತಿಬಂಧಕ ಡ್ರೋನ್ ಆ ಹದ್ದಿನ ಕೆಲಸವನ್ನೇ ಮಾಡುವ ಯಂತ್ರ. ವ್ಯತ್ಯಾಸವೆಂದರೆ ಹದ್ದನ್ನು ಸಾವಿರದ ಲೆಕ್ಕದಲ್ಲಿ ತಯಾರಿಸಲಾಗದು.

ಡ್ರೋನ್ ಬೆದರಿಕೆ ಗಡಿಯ ಮಾತು, ಬಯಲುಸೀಮೆಗೆ ಅದರ ಗೊಡವೆಯೇಕೆ ಎಂಬ ಪ್ರಶ್ನೆ ಸಹಜ. ಶಾಹೆದ್ ಮಾದರಿಯ ಡ್ರೋನ್ ಸಾವಿರ ಕಿ.ಮೀ.ಗೂ ಹೆಚ್ಚು ಸಾಗುತ್ತದೆ. ಅದರ ಗುರಿ ಬಹುತೇಕ ಸೈನಿಕನಲ್ಲ. ವಿದ್ಯುತ್ ಕೇಂದ್ರ, ತೈಲಾಗಾರ, ಕಾರ್ಖಾನೆಗಳು. 2019ರ ಸೆಪ್ಟೆಂಬರ್ 14ರಂದು ಸೌದಿ ಅರೇಬಿಯದ ಅಬ್ಕೈಕ್ ತೈಲ ಘಟಕದ ಮೇಲಾದ ದಾಳಿಯು ಆ ದೇಶದ ಅರ್ಧದಷ್ಟು ತೈಲ ಉತ್ಪಾದನೆಯನ್ನು ಒಂದೇ ದಿನದಲ್ಲಿ ನಿಲ್ಲಿಸಿತು. ಒಂದು ಬಿಡಿಭಾಗ ಕೆಟ್ಟರೆ ಇಡೀ ಸೀಮೆಯ ವ್ಯವಹಾರ ಹೇಗೆ ಅಲುಗಾಡುತ್ತದೆಂಬುದನ್ನು ಗಂಗಾವತಿಯ ಅಕ್ಕಿ ಗಿರಣಿಯವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಜಿಲ್ಲೆಯ ಭತ್ತದ ಬೆಳೆಗಾರರೂ ವರ್ತಕರೂ ಒಂದು ವಾರ ನಿದ್ದೆಗೆಟ್ಟರು. ಅಂದು ಆದದ್ದು ಯಂತ್ರದ ಸವಕಳಿಯಿಂದ, ದಾಳಿಯಿಂದಲ್ಲ. ಆ ಸಂದರ್ಭದ ಇನ್ನೊಂದು ಪಾಠವನ್ನೂ ನೆನೆಯಬೇಕು: ನೀರು ಹರಿಯುತ್ತಿರುವಾಗಲೇ ಇಳಿಸಿದ ತಾತ್ಕಾಲಿಕ ಗೇಟಿನ ಭಾಗಗಳನ್ನು ಹೊಸಪೇಟೆ–ತೋರಣಗಲ್ಲು ಪರಿಸರದ ಕಾರ್ಯಾಗಾರಗಳೇ ಕೆಲವೇ ದಿನಗಳಲ್ಲಿ ಮಾಡಿಕೊಟ್ಟವು. ನಕ್ಷೆ ಕೈಗೆ ಬಂದರೆ, ಗಡುವು ಗಟ್ಟಿಯಾಗಿದ್ದರೆ ಈ ಸೀಮೆಯ ವೆಲ್ಡರುಗಳಿಗೂ ಟರ್ನರುಗಳಿಗೂ ಕೆಲಸ ಗೊತ್ತಿದೆ.

ಗೊಂಬೆಯ ಊರು, ಆಟಿಕೆಯ ಕಾರ್ಖಾನೆ

ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದ ಚಿತ್ರಗಾರ ಕುಟುಂಬಗಳು ವಿಜಯನಗರದ ಕಾಲದಿಂದ ಬಂದ ಕಸುಬನ್ನು ಇಂದಿಗೂ ನಡೆಸುತ್ತಿವೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಈ ಕಲೆಯನ್ನು ಪ್ರದರ್ಶನ ಮಳಿಗೆಯ ಅಲಂಕಾರವೆಂದು ನೋಡುವುದೇ ರೂಢಿ. ತಯಾರಿಕೆಯ ದೃಷ್ಟಿಯಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಹಗುರವಾದ ಮರದ ತಿರುಳು; ಅದರ ಬೆಸುಗೆಗಳ ಮೇಲೆ ಸೆಣಬಿನ ಚಿಂದಿಯ ಪುಡಿಗೆ ಹುಣಸೆ ಬೀಜದ ಅಂಟು ಬೆರೆಸಿದ ‘ಕಿಟ್ಟ’; ಅದರ ಮೇಲೆ ಅರಳೆಯ ಹೊದಿಕೆ, ಕಲ್ಲಿನ ಪುಡಿಯ ಲೇಪ, ಬಣ್ಣ. ಹಗುರ ತಿರುಳಿಗೆ ನಾರು ಮತ್ತು ಅಂಟಿನ ಗಟ್ಟಿ ಹೊದಿಕೆ ಕೊಡುವ ಈ ಕ್ರಮವೇ ಡ್ರೋನಿನ ರೆಕ್ಕೆಯಲ್ಲಿ ಫೋಮಿನ ಮೇಲೆ ಗಾಜಿನ ನಾರು ಅಥವಾ ಇಂಗಾಲದ ನಾರನ್ನು ರಾಳದಿಂದ ಹೊದಿಸುವ ಕ್ರಮ. ಗೊಂಬೆ ಮಾಡುವವರು ನಾಳೆಯೇ ಡ್ರೋನ್ ಮಾಡಬೇಕೆಂದು ಇದರ ಅರ್ಥವಲ್ಲ. ಹಾಗೆ ಹೇಳುವುದು ಅವರ ಕಲೆಗೂ ಯಂತ್ರಕ್ಕೂ ಅನ್ಯಾಯ. ಆದರೆ ಪದರ ಕೂರಿಸುವ, ಮೈ ನಯ ಮಾಡುವ ಕೈಚಳಕಕ್ಕೆ ಅಚ್ಚು ತಯಾರಿಕೆಯಲ್ಲಿ ಇಂದಿಗೂ ಬೆಲೆಯಿದೆ. ಆ ಮನೆಗಳ ಯುವಕರು ಕಸುಬು ಬಿಟ್ಟು ದೂರದ ಊರಿಗೆ ಕೂಲಿಗೆ ಹೋಗುವ ಬದಲು ಸಮೀಪದಲ್ಲಿಯೇ ಸಂಯುಕ್ತ ವಸ್ತುಗಳ ತರಬೇತಿ ಪಡೆಯುವಂತಾದರೆ ನಷ್ಟವೇನು?

ಕೊಪ್ಪಳ–ಗದಗ ಹೆದ್ದಾರಿಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಸಮುಚ್ಚಯಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆಯಿತು. ಅದನ್ನು ಕಟ್ಟಿದ ಏಕಸ್ ಸಂಸ್ಥೆಯ ಮೂಲ ಉದ್ಯೋಗ ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗಗಳ ತಯಾರಿಕೆ ಎಂಬುದು ಇಲ್ಲಿ ಮುಖ್ಯ. ಒಂದೇ ಸಂಸ್ಥೆ ಒಂದು ಕಡೆ ಏರ್‌ಬಸ್, ಬೋಯಿಂಗ್‌ಗಳಿಗೆ ಸಾಮಗ್ರಿ ಒದಗಿಸುತ್ತ ಇನ್ನೊಂದು ಕಡೆ ಆಟಿಕೆ ಅಚ್ಚು ಹಾಕಿಸುವುದು ವಿಚಿತ್ರವೆನಿಸಬಹುದು. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಇದು ವಿಚಿತ್ರವಲ್ಲ. ಶಾಂಟೌ ಬಳಿಯ ಚೆಂಘಾಯ್ ಆಟಿಕೆಗಳ ಊರು. ಅದೇ ಪ್ರಾಂತ್ಯದ ಶೆನ್‌ಝೆನ್ ಜಗತ್ತಿನ ಡ್ರೋನ್ ರಾಜಧಾನಿ. ಪುಟ್ಟ ಮೋಟಾರು, ಪುಟ್ಟ ಬ್ಯಾಟರಿ, ರೇಡಿಯೋ ನಿಯಂತ್ರಕ, ಪ್ಲಾಸ್ಟಿಕ್ ಅಚ್ಚು ಇವುಗಳನ್ನು ಆಟಿಕೆಗಾಗಿ ಕೋಟಿಗಟ್ಟಲೆ ಮಾಡುವ ಪೂರೈಕೆಯ ಸರಪಳಿ ಹತ್ತಿರವಿದ್ದುದು ಡ್ರೋನ್ ಉದ್ಯಮಕ್ಕೆ ಆಧಾರವಾಯಿತು. ನಮ್ಮಲ್ಲಿ ಆಟಿಕೆಯ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಲಾಯಿತು, 2021ರ ಜನವರಿ 1ರಿಂದ ಬಿ.ಐ.ಎಸ್. ಗುರುತು ಕಡ್ಡಾಯವಾಯಿತು. ಈ ಗೋಡೆಯ ಆಶ್ರಯದಲ್ಲಿ ಬೆಳೆಯುವ ಆಟಿಕೆ ಉದ್ಯಮವು ಬರಿಯ ಪ್ಲಾಸ್ಟಿಕ್ ಕರಗಿಸಿ ಸುರಿಯುವುದಕ್ಕೆ ನಿಲ್ಲುವುದೋ, ಮೋಟಾರು ಮತ್ತು ಸರ್ಕಿಟ್ ಹಲಗೆಯನ್ನೂ ಕಲಿಯುವುದೋ ಎಂಬುದರ ಮೇಲೆ ಈ ಸೀಮೆಗೆ ಡ್ರೋನ್ ಉದ್ಯಮದಲ್ಲಿ ಸಿಗುವ ಪಾಲು ನಿಂತಿದೆ.

ಬಿಡಿಭಾಗಗಳ ಲೆಕ್ಕ

ಡ್ರೋನನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರೆ ನಮ್ಮ ಕೊರತೆ ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ. ಕವಚ, ಪಂಖ, ಮೋಟಾರು ಕೂರುವ ಪಟ್ಟಿ, ಉಡಾವಣೆಯ ಸ್ಟ್ಯಾಂಡು, ಸಾಗಣೆಯ ಪೆಟ್ಟಿಗೆ ಇವು ಇಲ್ಲಿನ ಕಾರ್ಯಾಗಾರಗಳ ಅಳವಿಗೆ ಎಟುಕುವಂತಹವು. ಬ್ಯಾಟರಿ ಪ್ಯಾಕ್ ಜೋಡಣೆಯೂ ಅಸಾಧ್ಯವಲ್ಲ; ಆದರೆ ಒಳಗಿನ ಲಿಥಿಯಂ ಕೋಶ ಹೊರದೇಶದ್ದು. ಬ್ರಷ್‌ರಹಿತ ಮೋಟಾರಿನ ತಾಮ್ರದ ಸುತ್ತುಗಳನ್ನು ಪಂಪ್‌ಸೆಟ್ ರಿವೈಂಡಿಂಗ್ ಬಲ್ಲ ಕೈಗಳು ಬೇಗ ಕಲಿಯುತ್ತವೆ. ಅದರ ನಿಯೋಡಿಮಿಯಂ ಆಯಸ್ಕಾಂತ ಮಾತ್ರ ಬಹುಪಾಲು ಚೀನಾದಿಂದ ಬರುತ್ತದೆ. ಹಾರಾಟ ನಿಯಂತ್ರಕದ ಚಿಪ್ಪು, ಥರ್ಮಲ್ ಕ್ಯಾಮೆರಾದ ಸಂವೇದಕಗಳ ಕಥೆಯೂ ಇದಕ್ಕೆ ಹೊರತಲ್ಲ.

ಸರಕಾರವು 2022ರ ಫೆಬ್ರುವರಿ 9ರಂದು ತಯಾರಾದ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಬಿಡಿಭಾಗಗಳ ಆಮದಿಗೆ ಅಡ್ಡಿ ಮಾಡಲಿಲ್ಲ. ಪರಿಣಾಮವಾಗಿ ಹೊರಗಿನ ಭಾಗಗಳನ್ನು ಜೋಡಿಸಿ ಸ್ವದೇಶಿಯೆಂದು ಮಾರುವ ಪ್ರವೃತ್ತಿ ಬೆಳೆಯಿತು. ಅದಕ್ಕೆ ಬಿದ್ದ ಪೆಟ್ಟನ್ನು ಎಲ್ಲ ತಯಾರಕರೂ ನೆನಪಿಡಬೇಕು. ಚೀನೀ ಬಿಡಿಭಾಗಗಳ ಕಾರಣಕ್ಕೆ ಸೇನೆಯ 400 ಸಾಗಣೆ ಡ್ರೋನ್‌ಗಳ, ರೂ. 230 ಕೋಟಿಗೂ ಹೆಚ್ಚು ಮೊತ್ತದ ಖರೀದಿ ಒಪ್ಪಂದಗಳನ್ನು 2025ರ ಫೆಬ್ರುವರಿಯಲ್ಲಿ ರದ್ದುಗೊಳಿಸಲಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಚೀನಾವು ಏಳು ಬಗೆಯ ವಿರಳ ಭೂಧಾತುಗಳು ಮತ್ತು ಅವುಗಳ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ, ವಾಹನ ತಯಾರಕರಿಂದ ಹಿಡಿದು ಎಲ್ಲರಿಗೂ ಬಿಸಿ ತಟ್ಟಿತು. ಕೇಂದ್ರ ಸಂಪುಟವು 2025ರ ನವೆಂಬರ್ 26ರಂದು ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಸುವ ಸಾಮರ್ಥ್ಯಕ್ಕಾಗಿ ರೂ. 7,280 ಕೋಟಿಯ ಯೋಜನೆಗೆ ಒಪ್ಪಿಗೆ ನೀಡಿತು. ಅದರ ಫಲ ಮಾರುಕಟ್ಟೆಗೆ ಬರಲು ಕಾಲ ಬೇಕು. ಅಲ್ಲಿಯವರೆಗೆ ಬಿಡಿಭಾಗದ ಮೂಲವನ್ನು ಕಾಗದಪತ್ರಗಳಿಂದ ತೋರಿಸಬಲ್ಲ ವರ್ತಕನಿಗೆ ಬೆಲೆ ಹೆಚ್ಚು. ಯಾವ ಕಾರ್ಖಾನೆಯ ಯಾವ ತಂಡದ ಮಾಲು, ಯಾವ ಬಂದರಿನ ಮೂಲಕ ಬಂದದ್ದು ಎಂಬ ದಾಖಲೆ ಇಟ್ಟುಕೊಳ್ಳುವುದು ಇನ್ನು ಮೇಲೆ ಗುಮಾಸ್ತನ ಕೆಲಸವಲ್ಲ, ವ್ಯಾಪಾರದ ಬಂಡವಾಳ.

ಅಚ್ಚು ಹಾಕಬೇಕೋ, ಮುದ್ರಿಸಬೇಕೋ?

ಮಾದರಿಯ ಆಯುಷ್ಯ ತಿಂಗಳುಗಳದ್ದು ಎಂಬ ಮಾತಿಗೆ ಈಗ ಬರಬಹುದು. ಉದಾಹರಣೆಗಾಗಿ, ಒಂದು ಕವಚದ ಉಕ್ಕಿನ ಅಚ್ಚಿಗೆ ರೂ. 8 ಲಕ್ಷ ಖರ್ಚಾಯಿತೆಂದು ಇಟ್ಟುಕೊಳ್ಳೋಣ. 20,000 ಕವಚ ತೆಗೆದರೆ ಒಂದರ ಮೇಲೆ ಅಚ್ಚಿನ ಹೊರೆ ರೂ. 40. ಆದರೆ 2,000 ತೆಗೆಯುವಷ್ಟರಲ್ಲಿ ಖರೀದಿದಾರನು ಮೂತಿಯ ಆಕಾರ ಬದಲಿಸಿದರೆ ಹೊರೆ ರೂ. 400ಕ್ಕೆ ಏರಿ, ಅಚ್ಚು ಗುಜರಿ ಸೇರುತ್ತದೆ. 3ಡಿ ಮುದ್ರಣದಲ್ಲಿ ಒಂದೊಂದು ಕವಚಕ್ಕೂ ಗಂಟೆಗಟ್ಟಲೆ ಹೊತ್ತು ಹಿಡಿದರೂ ಅಚ್ಚಿನ ಹೊರೆಯೇ ಇಲ್ಲ. ಕಂಪ್ಯೂಟರಿನ ನಕ್ಷೆ ತಿದ್ದಿದರೆ ಮರುದಿನವೇ ಹೊಸ ಮಾದರಿ. ಉಕ್ರೇನಿನ ತಯಾರಕರು ಸಾಲುಸಾಲಾಗಿ ಮುದ್ರಣ ಯಂತ್ರಗಳನ್ನು ನಿಲ್ಲಿಸಿಕೊಂಡಿರುವುದು ಬಡತನದಿಂದಲ್ಲ, ಈ ಲೆಕ್ಕದಿಂದ. ಸಣ್ಣ ಉದ್ಯಮಿಗೆ ಇದು ಅನುಕೂಲವೇ. ಹತ್ತಿಪ್ಪತ್ತು ಮುದ್ರಣ ಯಂತ್ರಗಳ ಘಟಕವು ಡ್ರೋನಿನ ಬೇಡಿಕೆ ಇಲ್ಲದ ತಿಂಗಳಲ್ಲಿ ಆಟಿಕೆಯ ಮಾದರಿಗಳನ್ನೋ ಬೀಜ ಬಿತ್ತುವ ಯಂತ್ರದ ಬಿಡಿಭಾಗವನ್ನೋ ಮುದ್ರಿಸಬಹುದು. ಉಕ್ಕಿನ ಅಚ್ಚಿಗೆ ಹಣ ಹೂಡಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಆದೇಶದ ಕನಿಷ್ಠ ಸಂಖ್ಯೆಯನ್ನೂ, ಮಾದರಿ ಬದಲಾದರೆ ಅಚ್ಚಿನ ಖರ್ಚು ಯಾರದೆಂಬುದನ್ನೂ ಬರಹದಲ್ಲಿ ಪಡೆಯದೆ ಅಚ್ಚಿಗೆ ಕೈಹಾಕುವುದು ಜೂಜು.

ಇನ್ನು ಹಣಕಾಸಿನ ವಿಚಾರ. ರಕ್ಷಣಾ ಸರಕಿಗೆ ಕೊನೆಯ ಖರೀದಿದಾರ ಒಬ್ಬನೇ: ಸರಕಾರ. ಆತನ ಆದೇಶ ಮಳೆಯಂತೆ. ಬಂದರೆ ಒಮ್ಮೆಲೇ, ಇಲ್ಲವಾದರೆ ವರ್ಷವೆಲ್ಲ ಬರ. ಸಣ್ಣ ಘಟಕವು ಬಹುತೇಕ ಎರಡನೆಯ ಅಥವಾ ಮೂರನೆಯ ಹಂತದ ಸರಬರಾಜುದಾರನಾಗಿ, ಮೇಲಿನವರ ಹಣ ಬರುವತನಕ ಕಾಯುವ ಸ್ಥಿತಿಯಲ್ಲಿರುತ್ತದೆ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನಂತೆ ಕಿರು ಮತ್ತು ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಈ ರಕ್ಷಣೆ ಉದ್ಯಮ್ ನೋಂದಣಿ ಇರುವ ತಯಾರಕರಿಗೆ ಮತ್ತು ಸೇವಾ ಘಟಕಗಳಿಗೆ. ಬಿಡಿಭಾಗ ತರಿಸಿ ಮಾರುವ ವರ್ತಕರಿಗೆ 2021ರಿಂದ ಉದ್ಯಮ್ ನೋಂದಣಿ ಸಿಗುತ್ತಿದ್ದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಈ ವ್ಯತ್ಯಾಸವನ್ನು ಅರಿಯದೆ ಉದ್ದರಿ ಕೊಟ್ಟವರು ಕೈಸುಟ್ಟುಕೊಳ್ಳುತ್ತಾರೆ.

ಅನುಕೂಲಗಳೂ ಕೆಲವಿವೆ. 2021ರ ಡ್ರೋನ್ ನಿಯಮಗಳು ಪರವಾನಗಿಯ ಸಿಕ್ಕುಗಳನ್ನು ಬಹಳಷ್ಟು ಬಿಡಿಸಿದವು. 2025ರ ಸೆಪ್ಟೆಂಬರ್ 22ರಿಂದ ಡ್ರೋನ್‌ಗಳ ಮೇಲಿನ ಜಿ.ಎಸ್.ಟಿ. ಏಕರೂಪವಾಗಿ ಶೇ. 5ಕ್ಕೆ ಇಳಿಯಿತು. 2018ರಲ್ಲಿ ಆರಂಭವಾದ ಐಡೆಕ್ಸ್ ಯೋಜನೆಯಡಿ ಸೇನೆಗೆ ಬೇಕಾದ ಹೊಸ ವಸ್ತುಗಳ ಅಭಿವೃದ್ಧಿಗೆ ಸಣ್ಣ ಸಂಸ್ಥೆಗಳೂ ಅನುದಾನ ಕೇಳಬಹುದು. ಸಿಡಿತಲೆಯ ವಿಚಾರ ಮಾತ್ರ ಬೇರೆ. ಅದಕ್ಕೆ ಪ್ರತ್ಯೇಕ ಪರವಾನಗಿ, ಪ್ರತ್ಯೇಕ ಆವರಣ, ಪ್ರತ್ಯೇಕ ಹೊಣೆಗಾರಿಕೆಗಳಿವೆ. ಸಣ್ಣ ಘಟಕ ಅದರತ್ತ ನೋಡುವ ಅಗತ್ಯವೇ ಇಲ್ಲ.

ಈ ಎಲ್ಲವನ್ನೂ ತೂಗಿ ನೋಡಿದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಉದ್ಯಮಿಯು ಪ್ರತಿಬಂಧಕ ಡ್ರೋನನ್ನೇ ಮಾಡಿ ದೆಹಲಿಗೆ ಒಯ್ಯುವ ಸಾಹಸಕ್ಕಿಂತ ಒಂದೆರಡು ಬಿಡಿಭಾಗಗಳಲ್ಲಿ ಹಿಡಿತ ಸಾಧಿಸುವುದು ಲಾಭಕರ. ಅಂತಹ ಬಿಡಿಭಾಗವು ಕೃಷಿಯ ಔಷಧ ಸಿಂಪಡಿಸುವ ಡ್ರೋನಿಗೂ, ಆಟಿಕೆಗೂ ಹೊಂದುವಂತಿದ್ದರೆ ಇನ್ನೂ ಒಳಿತು. ಗಂಗಾವತಿಯ ಭತ್ತದ ಗದ್ದೆಯಲ್ಲಿ ಔಷಧ ಸಿಂಪಡಿಸುವ ಡ್ರೋನಿನ ಪಂಖ ಒಡೆದರೆ ಬದಲಿಗೆ ಎಲ್ಲಿಂದ ತರಿಸಬೇಕಾಗುತ್ತದೆ, ಎಷ್ಟು ದಿನ ಕಾಯಬೇಕಾಗುತ್ತದೆ ಎಂದು ಅದನ್ನು ಬಾಡಿಗೆಗೆ ಕೊಡುವವರನ್ನು ವಿಚಾರಿಸಿದರೆ ಮೊದಲ ಮಾರುಕಟ್ಟೆಯ ವಿಳಾಸ ಸಿಗುತ್ತದೆ. ಸಮತೋಲನ ತಪ್ಪದ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದರೂ ಅದುರದ ಪಂಖವನ್ನು ಈ ವರ್ಷ ಗದ್ದೆಯ ಡ್ರೋನಿಗೆ ಮಾಡಿಕೊಡಬಲ್ಲ ಘಟಕವನ್ನೇ, ಮುಂದೊಂದು ದಿನ ಬೆಂಗಳೂರಿನ ಖರೀದಿ ಅಧಿಕಾರಿ ಗಂಟೆಗೆ 300 ಕಿ.ಮೀ. ವೇಗದ ಯಂತ್ರಕ್ಕೂ ಕೇಳಿಕೊಂಡು ಬರುವುದು.